140ನೇ ರ‍್ಯಾಂಕ್ ಅಂದ್ರೆ ಅಷ್ಟೇನಾ?

ಸಿಇಟಿಯಲ್ಲಿ 140ನೇ ರ‍್ಯಾಂಕ್ ಬಂದ್ರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಕೋಚಿಂಗ್ ಸೆಂಟರ್‌ನವರು ಫ್ಲೆಕ್ಸ್ ಹಾಕ್ತಾರೆ. ಪಿಯು ಕಾಲೇಜಿನವರು ಕರೆದು ಶಾಲು ಹೊದಿಸ್ತಾರೆ. ನೆಂಟರ ಮನೆಯ ಮಕ್ಕಳಿಗೆಲ್ಲ ಒಂದು ವರ್ಷ ಅದೇ ಉದಾಹರಣೆ. ಅದು ಒಂದು ರಾಜ್ಯದ, ಒಂದು ಬ್ಯಾಚಿನ ಹುಡುಗ ಹುಡುಗಿಯರ ನಡುವಿನ ರ‍್ಯಾಂಕ್. ಈಗ ಟೆನಿಸ್ ಆಡೋ ಒಬ್ಬರ ರ‍್ಯಾಂಕ್ 140 ಅಂತ ಕ್ಯಾಂಟೀನಿನಲ್ಲಿ ಹೇಳಿ ನೋಡಿ. "ಓ, ಅಷ್ಟೇನಾ?" ಅನ್ನೋ ಉತ್ತರ ಬರುತ್ತೆ. ಇದು ಇಡೀ ಪ್ರಪಂಚದ, ಎಲ್ಲ ವಯಸ್ಸಿನ ವೃತ್ತಿಪರ ಆಟಗಾರರ ನಡುವಿನ ರ‍್ಯಾಂಕ್ ಅನ್ನೋದು ಯಾಕೋ ಲೆಕ್ಕಕ್ಕೇ ಬರಲ್ಲ.

ಈ "ಅಷ್ಟೇನಾ" ಬಗ್ಗೆ ನಮಗೆ ತಕರಾರಿದೆ. ಅದಕ್ಕೆ ಸುಮಿತ್ ನಾಗಲ್ ಅವರ ಕಥೆಯಿಂದಲೇ ಶುರು ಮಾಡೋಣ.

2023ರ ಸೆಪ್ಟೆಂಬರ್‌ನಲ್ಲಿ ನಾಗಲ್ ಒಂದು ಸಂದರ್ಶನದಲ್ಲಿ ತಮ್ಮ ಬ್ಯಾಂಕ್ ಖಾತೆಯಲ್ಲಿ ಇರೋದು 900 ಯೂರೋ, ಅಂದ್ರೆ ಸುಮಾರು 80,000 ರೂಪಾಯಿ ಅಂತ ಹೇಳಿದರು. ಆಗ ಅವರು ಸಿಂಗಲ್ಸ್‌ನಲ್ಲಿ ಭಾರತದ ನಂಬರ್ ಒನ್, ಪ್ರಪಂಚದ ಮೊದಲ ಇನ್ನೂರರ ಒಳಗೆ ಇದ್ದರು. ಆ ವರ್ಷ ಗೆದ್ದ ಬಹುಮಾನದ ಹಣ ಕಮ್ಮಿ ಏನಲ್ಲ, ಸುಮಾರು 65 ಲಕ್ಷ. ಆದರೆ ವರ್ಷಕ್ಕೆ ಖರ್ಚು 80 ಲಕ್ಷದಿಂದ ಒಂದು ಕೋಟಿ. ಅದೂ ಫಿಸಿಯೋ ಇಲ್ಲದೆ, ಒಬ್ಬ ಕೋಚ್ ಮಾತ್ರ ಜೊತೆಗಿದ್ದಾಗ. ಬಹುಮಾನ, ಕೆಲಸದ ಸಂಬಳ, ಒಂದು ಫೌಂಡೇಶನ್ ಕೊಡ್ತಿದ್ದ ನೆರವು ಎಲ್ಲವನ್ನೂ ಆಟಕ್ಕೇ ಸುರಿದ ಮೇಲೆ ಉಳಿದಿದ್ದು ಅಷ್ಟು.

ಎಲ್ಲಿ ಹೋಗುತ್ತೆ ಈ ದುಡ್ಡು? ಟೆನಿಸ್ ಆಟಗಾರನಿಗೆ ತಂಡ ಇಲ್ಲ, ಸಂಬಳ ಇಲ್ಲ. ವಿಮಾನದ ಟಿಕೆಟ್, ಹೋಟೆಲ್, ಊಟ, ವೀಸಾ, ರ‍್ಯಾಕೆಟ್‌ಗೆ ತಂತಿ ಕಟ್ಟಿಸೋದು, ಎಲ್ಲ ಅವನದೇ. ಕೋಚ್ ಕರ್ಕೊಂಡು ಹೋದ್ರೆ ಎಲ್ಲ ಡಬಲ್. ಮೊದಲ ಸುತ್ತಿನಲ್ಲಿ ಸೋತರೂ ಟಿಕೆಟ್ ದುಡ್ಡು ವಾಪಸ್ ಬರಲ್ಲ. ಗಾಯ ಆದ್ರೆ ಆದಾಯ ನಿಲ್ಲುತ್ತೆ, ಖರ್ಚು ಮಾತ್ರ ನಿಲ್ಲಲ್ಲ. ನಾಗಲ್ ಅವರಿಗೇ 2021ರ ಕೊನೆಯಲ್ಲಿ ಸೊಂಟದ ಆಪರೇಷನ್ ಆಯ್ತು, ರ‍್ಯಾಂಕ್ ಐನೂರರ ಆಚೆ ಜಾರಿತು. ಅಲ್ಲಿಂದ ಹತ್ತಿ ಬಂದವರು ಅವರು.

ರ‍್ಯಾಂಕಿಂಗ್ ಹೇಗೆ ನಡೆಯುತ್ತೆ ಅನ್ನೋದೂ ಗೊತ್ತಿರಬೇಕು. ಗೆದ್ದ ಪಾಯಿಂಟ್‌ಗಳಿಗೆ 52 ವಾರ ಮಾತ್ರ ಆಯಸ್ಸು. ಮೊದಲನೇ ಸೆಮ್‌ನಲ್ಲಿ ಕಷ್ಟಪಟ್ಟು ತಗೊಂಡ ಎಸ್ ಗ್ರೇಡು ಮೂರನೇ ಸೆಮ್ ಬರೋ ಹೊತ್ತಿಗೆ ಸಿಜಿಪಿಎಯಿಂದ ಅಳಿಸಿಹೋಗುತ್ತೆ ಅಂದುಕೊಳ್ಳಿ. ಮತ್ತೆ ಅಷ್ಟೇ ಸಂಪಾದಿಸಿದರೆ ಇದ್ದ ಜಾಗದಲ್ಲೇ ನಿಲ್ತೀರಿ. ಇಲ್ಲಾಂದ್ರೆ ಕೆಳಗೆ.

ಏಣಿಯ ಕೆಳಗಿನ ಮೆಟ್ಟಿಲು ಐಟಿಎಫ್‌ನ ಎಂ15 ಟೂರ್ನಿಗಳು. ಅಲ್ಲಿ ಒಟ್ಟು ಬಹುಮಾನ 15,000 ಡಾಲರ್. ಮೇನ್ ಡ್ರಾದ ಮೊದಲ ಸುತ್ತಿನಲ್ಲಿ ಸೋತವರಿಗೆ 156 ಡಾಲರ್, ಅಂದ್ರೆ ಸುಮಾರು 13,000 ರೂಪಾಯಿ. ಪಾಯಿಂಟ್ ಸೊನ್ನೆ. ವಾರದಲ್ಲಿ ಐದು ಪಂದ್ಯ ಗೆದ್ದು ಚಾಂಪಿಯನ್ ಆದವನಿಗೆ 2,160 ಡಾಲರ್. ಸುಮಾರು 1.8 ಲಕ್ಷ ರೂಪಾಯಿ, ತೆರಿಗೆಗೆ ಮೊದಲು. ಜೊತೆಗೆ 15 ಪಾಯಿಂಟ್. ಗ್ರ್ಯಾಂಡ್ ಸ್ಲಾಮ್ ಗೆದ್ದವರಿಗೆ ಸಿಗೋದು 2000 ಪಾಯಿಂಟ್.

ನಮ್ಮಲ್ಲಿ ಕ್ರಿಕೆಟ್ ಇಲ್ಲದೆ ಮಾತು ಮುಗಿಯಲ್ಲ, ಹಾಗಾಗಿ ಒಂದು ಹೋಲಿಕೆ. 2021ರಲ್ಲಿ ಬಿಸಿಸಿಐ ನಿಗದಿ ಮಾಡಿದ ಪ್ರಕಾರ, ರಣಜಿಗೆ ಹೊಸದಾಗಿ ಬಂದ ಆಟಗಾರ ಆಡುವ ಹನ್ನೊಂದರಲ್ಲಿದ್ದರೆ ದಿನಕ್ಕೆ 40,000 ರೂಪಾಯಿ. ನಾಲ್ಕು ದಿನದ ಪಂದ್ಯಕ್ಕೆ 1.6 ಲಕ್ಷ, ಗೆದ್ದರೂ ಸೋತರೂ. ಅದು ಅವರ ಹಕ್ಕು, ನಮಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಷ್ಟೇ ದುಡ್ಡಿಗೆ ಟೆನಿಸ್ ಆಟಗಾರ ಒಂದು ಇಡೀ ಟೂರ್ನಿಯನ್ನೇ ಗೆಲ್ಲಬೇಕು, ಆಮೇಲೆ ಹೋಟೆಲ್ ಬಿಲ್ಲನ್ನೂ ಕಟ್ಟಬೇಕು.

ಈಗ ಕಥೆಯ ಎಲ್ಲರಿಗೂ ಗೊತ್ತಿರೋ ಭಾಗ. 900 ಯೂರೋ ಸುದ್ದಿಯಾಗಿ ನಾಲ್ಕು ತಿಂಗಳಿಗೆ, 2024ರ ಜನವರಿಯಲ್ಲಿ, ನಾಗಲ್ ಆಸ್ಟ್ರೇಲಿಯನ್ ಓಪನ್‌ಗೆ ಹೋದರು. ಆಗ ರ‍್ಯಾಂಕ್ 140ರ ಆಸುಪಾಸು, ಹಾಗಾಗಿ ನೇರ ಪ್ರವೇಶ ಇಲ್ಲ. ಮೂರು ಅರ್ಹತಾ ಪಂದ್ಯ ಗೆದ್ದು ಮೇನ್ ಡ್ರಾಗೆ ಬಂದರು. ಮೊದಲ ಸುತ್ತಿನಲ್ಲಿ 31ನೇ ಶ್ರೇಯಾಂಕದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನ ನೇರ ಸೆಟ್‌ಗಳಲ್ಲಿ ಸೋಲಿಸಿದರು. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತದ ಪುರುಷ ಆಟಗಾರನೊಬ್ಬ ಶ್ರೇಯಾಂಕಿತ ಆಟಗಾರನನ್ನ ಸೋಲಿಸಿದ್ದು 35 ವರ್ಷಗಳ ನಂತರ. ಅದಕ್ಕೆ ಮೊದಲು 1989ರಲ್ಲಿ ರಮೇಶ್ ಕೃಷ್ಣನ್ ಅದೇ ಟೂರ್ನಿಯಲ್ಲಿ ಮ್ಯಾಟ್ಸ್ ವಿಲಾಂಡರ್ ಅವರನ್ನ ಸೋಲಿಸಿದ್ದರು. ಎರಡನೇ ಸುತ್ತು ತಲುಪಿದ್ದಕ್ಕೆ ನಾಗಲ್‌ಗೆ ಸಿಕ್ಕಿದ್ದು 1,80,000 ಆಸ್ಟ್ರೇಲಿಯನ್ ಡಾಲರ್, ಒಂದು ಕೋಟಿ ರೂಪಾಯಿ ಹತ್ತತ್ರ.

ಎಲ್ಲರ ಸ್ಟೇಟಸ್‌ನಲ್ಲೂ ಅವತ್ತು ಅದೇ. "ಕಷ್ಟಪಟ್ಟರೆ ಫಲ ಇದ್ದೇ ಇದೆ" ಅಂತ ರೀಲ್ಸ್ ಕೂಡ ಬಂತು. ನಮಗೆ ಇಲ್ಲೇ ಭಿನ್ನಾಭಿಪ್ರಾಯ. ಸೆಪ್ಟೆಂಬರ್‌ನ ನಾಗಲ್‌ಗೂ ಜನವರಿಯ ನಾಗಲ್‌ಗೂ ಆಟದಲ್ಲಿ ಎಷ್ಟು ವ್ಯತ್ಯಾಸ ಇದ್ದಿರಬಹುದು? ಅದೇ ಫೋರ್‌ಹ್ಯಾಂಡ್, ಅದೇ ಕಾಲುಗಳು. 2019ರ ಯುಎಸ್ ಓಪನ್‌ನಲ್ಲಿ 190ನೇ ರ‍್ಯಾಂಕಿನಲ್ಲಿದ್ದಾಗಲೇ ಫೆಡರರ್ ವಿರುದ್ಧ ಮೊದಲ ಸೆಟ್ 6-4ರಲ್ಲಿ ಗೆದ್ದವರು ಇವರು. ಕೌಶಲ ಆಗಲೂ ಇತ್ತು. ಗೆದ್ದ ಮೇಲೆ ಗೌರವ ಕೊಡೋದು ಸುಲಭ. ಬುಬ್ಲಿಕ್ ಅವತ್ತು ಸ್ವಲ್ಪ ಚೆನ್ನಾಗಿ ಆಡಿ ನಾಗಲ್ ಸೋತಿದ್ದರೆ, ಅವರ ಅಷ್ಟು ವರ್ಷದ ದುಡಿಮೆ ಕಡಿಮೆ ಆಗಿಬಿಡ್ತಿತ್ತಾ?

ಕಥೆ ಅಲ್ಲಿಗೆ ನಿಲ್ಲಲೂ ಇಲ್ಲ. 2024ರ ಜುಲೈನಲ್ಲಿ ಅವರು 68ನೇ ರ‍್ಯಾಂಕಿಗೆ ಏರಿದರು. 2025ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮೊದಲ ಸುತ್ತಿನಲ್ಲೇ ಸೋತರು. ಹಿಂದಿನ ವರ್ಷದ ಪಾಯಿಂಟ್‌ಗಳು ಅಳಿಸಿಹೋಗಿ ಮೊದಲ ನೂರರಿಂದ ಆಚೆ ಬಂದರು. ಇದರ ಬಗ್ಗೆ ಯಾರೂ ರೀಲ್ಸ್ ಮಾಡಲಿಲ್ಲ.

"ನೋಡೋರೇ ಇಲ್ಲದ ಆಟಕ್ಕೆ ದುಡ್ಡು ಯಾರು ಕೊಡ್ತಾರೆ? ಮಾರ್ಕೆಟ್ ಇರೋದೇ ಹಾಗೆ" ಅನ್ನೋರಿದ್ದಾರೆ. ಮಾತು ಅರ್ಧ ಸರಿ. ಎಂ15 ಪಂದ್ಯಕ್ಕೆ ಟಿವಿ ಹಕ್ಕು ಮಾರಾಟ ಆಗಲ್ಲ ನಿಜ. ಆದರೆ ಗ್ರ್ಯಾಂಡ್ ಸ್ಲಾಮ್ ಡ್ರಾದಲ್ಲಿ 128 ಜನ ಬೇಕು. ಮೇಲಿನ ಹತ್ತು ಜನ ಅವರವರೇ ಆಡಿಕೊಂಡರೆ ಎರಡು ವಾರದ ಟೂರ್ನಿ ಆಗಲ್ಲ. ಆ ಮೇಲಿನ ಹತ್ತು ಜನ ಕೂಡ ಕೆಳಗಿನ ಮೆಟ್ಟಿಲು ಹತ್ತಿಯೇ ಬಂದವರು. ಆ ಮೆಟ್ಟಿಲ ಮೇಲೆ ನಿಲ್ಲೋದಕ್ಕೆ ಅಪ್ಪನ ದುಡ್ಡೇ ಬೇಕು ಅಂತಾದ್ರೆ, ಆಟ ಶ್ರೀಮಂತರ ಮಕ್ಕಳಿಗೆ ಮಾತ್ರ ಉಳಿಯುತ್ತೆ. ನಾಗಲ್ ಹರಿಯಾಣದ ಹಳ್ಳಿಯೊಂದರ ಶಾಲಾ ಮೇಷ್ಟ್ರ ಮಗ. ಅಂಥವರು ಎಷ್ಟು ಜನ ಇಪ್ಪತ್ತನೇ ವಯಸ್ಸಿಗೇ ಬಿಟ್ಟುಬಿಡ್ತಾರೋ ನಮಗೆ ಕಾಣಲ್ಲ, ಯಾಕಂದ್ರೆ ಅವರ ಹೆಸರೇ ಬರಲ್ಲ.

ಇನ್ನೊಂದು ಅಪಾಯವೂ ಇದೆ. ಟೆನಿಸ್‌ನ ಪ್ರಾಮಾಣಿಕತೆ ಬಗ್ಗೆ ತನಿಖೆ ಮಾಡಿದ ಸ್ವತಂತ್ರ ಸಮಿತಿಯೊಂದು 2018ರಲ್ಲಿ ವರದಿ ಕೊಟ್ಟಿತು. ಹೆಸರಿಗೆ ಸುಮಾರು 15,000 ವೃತ್ತಿಪರ ಆಟಗಾರರಿದ್ದರೂ ಖರ್ಚು ಕಳೆದು ನಷ್ಟ ಇಲ್ಲದೆ ಆಡೋರು 250ರಿಂದ 350 ಜನ ಮಾತ್ರ ಅಂತ ಅದು ಹೇಳಿತು. ಉಳಿದವರಿಗೆ ಬುಕ್ಕಿಗಳು ಬಲೆ ಹಾಕೋದು ಎಷ್ಟು ಸುಲಭ ಅಂತ ಲೆಕ್ಕ ಹಾಕಿ. ಮ್ಯಾಚ್ ಫಿಕ್ಸಿಂಗ್ ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆದ್ದರೂ ಸಾಲ ಆಗೋ ವ್ಯವಸ್ಥೆ ಕಟ್ಟಿದವರದ್ದೂ ಜವಾಬ್ದಾರಿ ಇದೆ.

2024ರಿಂದ ಎಟಿಪಿ ಕನಿಷ್ಠ ಆದಾಯದ ಯೋಜನೆ ತಂದಿದೆ. 2024ರಲ್ಲಿ ಮೊದಲ ನೂರರಲ್ಲಿ ಇದ್ದೋರಿಗೆ ವರ್ಷಕ್ಕೆ 3 ಲಕ್ಷ ಡಾಲರ್, 175ರವರೆಗೆ ಒಂದೂವರೆ ಲಕ್ಷ, 250ರವರೆಗೆ 75,000 ಡಾಲರ್ ಖಾತ್ರಿ ಇತ್ತು. ಗಳಿಕೆ ಅದಕ್ಕಿಂತ ಕಮ್ಮಿಯಾದರೆ ಉಳಿದದ್ದನ್ನ ತುಂಬಿಕೊಡ್ತಾರೆ. ಇದು ಮಾಡಬಹುದಾದ ಕೆಲಸ ಅನ್ನೋದಕ್ಕೆ ಇದೇ ಸಾಕ್ಷಿ. ಆದರೆ 251ನೇಯವನಿಗೆ ಈ ಖಾತ್ರಿ ಇಲ್ಲ. ಗೆರೆ ಇನ್ನೂ ಕೆಳಗೆ ಇಳಿಯಬೇಕು ಅಂತ ನಮ್ಮ ಅಭಿಪ್ರಾಯ.

ನಮ್ಮ ಕೊಡಗಿನ ರೋಹನ್ ಬೋಪಣ್ಣ ಅವರ ಸಿಂಗಲ್ಸ್‌ನ ಅತ್ಯುತ್ತಮ ರ‍್ಯಾಂಕ್ 213. ಆಮೇಲೆ ಡಬಲ್ಸ್ ಹಿಡಿದು 43ನೇ ವಯಸ್ಸಿನಲ್ಲಿ ವಿಶ್ವದ ನಂಬರ್ ಒನ್ ಆದರು. ಎಲ್ಲರೂ ಬೋಪಣ್ಣ ಆಗಲ್ಲ, ಬಹಳಷ್ಟು ಜನ 213ರ ಹತ್ತಿರವೂ ಬರಲ್ಲ. ಅವರ ಆಟಕ್ಕೆ ಬೆಲೆ ಬರೋದಕ್ಕೆ ಕೊನೆಯಲ್ಲೊಂದು ಕಪ್ ಬೇಕೇಬೇಕು ಅಂತ ನಾವು ಒಪ್ಪಲ್ಲ.

ನಮ್ಮ ಕೈಯಲ್ಲಿ ಏನಿದೆ? ಒಂದಿದೆ. 2023ರಲ್ಲಿ ಐಟಿಎಫ್ ಟೂರ್ನಿಗಳು ಮೈಸೂರು, ಧಾರವಾಡ, ಕಲಬುರಗಿಯಲ್ಲಿ ನಡೆದವು. ಬೆಂಗಳೂರಿನ ಕಬ್ಬನ್ ಪಾರ್ಕ್‌ನಲ್ಲಿರೋ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ಚಾಲೆಂಜರ್ ನಡೆಯುತ್ತೆ. 2017ರಲ್ಲಿ ಬೆಂಗಳೂರು ಚಾಲೆಂಜರ್ ಗೆದ್ದಿದ್ದು ಇದೇ ನಾಗಲ್. ಮುಂದಿನ ಸಲ ನಮ್ಮ ಊರಿನ ಹತ್ತಿರ ಇಂಥ ಟೂರ್ನಿ ಬಂದಾಗ ಒಂದು ಮಧ್ಯಾಹ್ನ ಬಿಡುವು ಮಾಡ್ಕೊಂಡು ಹೋಗೋಣ. ಹೆಸರೇ ಕೇಳಿರದ ಇಬ್ಬರ ಮೊದಲ ಸುತ್ತಿನ ಪಂದ್ಯ ಆದ್ರೂ ಪರವಾಗಿಲ್ಲ. ಕೋರ್ಟ್ ಪಕ್ಕದಲ್ಲಿ ಕೂತು ಆ ಚೆಂಡು ಬರೋ ವೇಗ ನೋಡಿ. ಆಮೇಲೆ ಅವರ ರ‍್ಯಾಂಕ್ ಎಷ್ಟು ಅಂತ ಕೇಳಿ.