ಬೆಣ್ಣೆ ಬೆಣೆಯಾಗದಿರಲಿ

ದೋಸೆ, ಇಡ್ಲಿ ಮಾರುವ ಗಾಡಿಗೆ ಹೈದರಾಬಾದಿನವರು ಬಂಡಿ ಎನ್ನುತ್ತಾರೆ. ಮಾತು ನಮ್ಮದೂ ಹೌದು. ತಳ್ಳುವ ಬಂಡಿಯ ಜೊತೆಗೆ ಈಗ ವಾಹನದ ಹಿಂದೆ ಕಟ್ಟಿ ಎಳೆಯುವ ತಗಡಿನ ಟ್ರೇಲರ್ ಕೂಡ ಬೀದಿಬೀದಿಗೆ ಬಂದಿದೆ. ನಮ್ಮ ಕುಟುಂಬಗಳಲ್ಲಿ ಯಾರಾದರೂ ಅಂಥದೊಂದನ್ನು ಕೊಂಡರೆ, ಅದರ ಮೇಲಿನ ಕನ್ನಡದ ಸಾಲೊಂದನ್ನಾದರೂ ಮನೆಯವರೇ ಅಂಟಿಸಬೇಕೆಂಬುದು ನಮ್ಮ ಅಭಿಪ್ರಾಯ. ಕೂಲಿ ಉಳಿಯುವುದೆಂದಲ್ಲ, ಅಕ್ಷರ ಉಳಿಯುವುದೆಂದು.

ಅಕ್ಷರ ಕತ್ತರಿಸಿಕೊಡುವ ಅಂಗಡಿಯನ್ನು ಜನ ರೇಡಿಯಂ ಅಂಗಡಿ ಎಂದು ಕರೆಯುತ್ತಾರೆ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ರೇಡಿಯಂ ಅಲ್ಲಿ ಎಳ್ಳಷ್ಟೂ ಇಲ್ಲ. ಇರುವುದು ವಿನೈಲ್ ಎಂಬ ಪ್ಲಾಸ್ಟಿಕ್ ಹಾಳೆ. ಯಂತ್ರ ಅಕ್ಷರದ ಅಂಚನ್ನು ಕೊಯ್ಯುತ್ತದೆ. ಸುತ್ತಲಿನ ಬೇಡದ ಭಾಗವನ್ನು ಕೈಯಿಂದ ಕೀಳಬೇಕು. ನಮ್ಮ ಒತ್ತಕ್ಷರಗಳ ಪ್ರಾಣ ಹೋಗುವುದು ಇಲ್ಲಿಯೇ. ಒತ್ತು ಮೇಲಿನ ಅಕ್ಷರಕ್ಕೆ ತಗಲಿರುವುದಿಲ್ಲ. ಬೇರೆಯೇ ಒಂದು ಚೂರು. ತೆಲುಗಿನಲ್ಲೂ ಒತ್ತುಂಟು, ಬಲ್ಲವನು ಜೋಪಾನ ಮಾಡುತ್ತಾನೆ. ಆದರೆ ಕೀಳುವ ಹುಡುಗ ಯಾವ ಸೀಮೆಯವನೋ! ಅವನ ಉಗುರಿಗೆ ಸಿಕ್ಕ ಒತ್ತು ಕಸದೊಡನೆ ಹೋಯಿತೆಂದರೆ ಬೆಣ್ಣೆ ದೋಸೆ ಬೆಣೆ ದೋಸೆಯಾಗುತ್ತದೆ. ಬೆಣೆಯನ್ನು ಯಾರು ತಿಂದಾರು?

ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಕನ್ನಡ ಓದಬಲ್ಲ ಗಿರಾಕಿ ಈ ಊರಿಗೆ ಹೊಸಬನಲ್ಲ. ಅವನು ಆ ಸಾಲನ್ನು ಓದಿಯೇ ಬಂಡಿಯ ಹತ್ತಿರ ನಿಲ್ಲುತ್ತಾನೆ.

ಆದ್ದರಿಂದ ಬರಹವನ್ನು ಮೊದಲು ಕಾಗದದ ಮೇಲೆ ಅಚ್ಚು ಮಾಡಿಸಿ, ಮನೆಯ ಹಿರಿಯರಿಂದ ಓದಿಸಿರಿ. ಕೆಲವು ಕಂಪ್ಯೂಟರುಗಳಲ್ಲಿ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಕೂರುತ್ತದೆ. ಕತ್ತರಿಸಿದ ಹಾಳೆಯನ್ನು ಕೀಳದೆ ಹಾಗೆಯೇ ಮನೆಗೆ ತನ್ನಿರಿ. ಸೂಜಿಯೊಂದನ್ನು ಮಕ್ಕಳ ಕೈಗೆ ಕೊಟ್ಟು, ಬಳಿಯಲ್ಲಿಯೇ ಕುಳಿತು ಬಿಡಿಸಿಸಿರಿ. ಮನೆಯಲ್ಲಿ ಕನ್ನಡ ಮಾತಾಡಿ, ಶಾಲೆಯಲ್ಲಿ ಬೇರೆ ಲಿಪಿ ಕಲಿಯುವ ಮಗು ‘ಇದು ಯಾತರ ಒತ್ತು?’ ಎಂದು ಅಂದು ಕೇಳಿಯೇ ಕೇಳುತ್ತದೆ.

ತಗಡನ್ನು ಸಾಬೂನು ನೀರಿನಿಂದ ತೊಳೆದು, ಒಣಗಿದ ಮೇಲೆ ಸ್ಪಿರಿಟ್‌ನಿಂದ ಒರೆಸಿರಿ. ಎಣ್ಣೆಯ ಜಿಡ್ಡಿದ್ದರೆ ಏನೂ ಅಂಟದು. ಹೊಸ ಬಣ್ಣವಾದರೆ ಕೆಲವು ವಾರ ತಡೆಯುವುದು ಲೇಸು. ಇಲ್ಲವಾದರೆ ಗುಳ್ಳೆಗಳು ಏಳುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ, ಬಿಸಿಲಿನ ತಗಡು ಮುಟ್ಟಿದರೆ ಕೈ ಸುಡುತ್ತದೆ. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಕೆಲಸ ಮುಗಿಸಿರಿ. ಕಾವಲಿಯ ಕಾವು ತಗಲುವ ಕಡೆ ಬರಹವೇ ಬೇಡ, ಅಂಚು ಏಳುತ್ತದೆ.

ರಂಗೋಲಿ ಪುಡಿ ಸವರಿದ ದಾರ ಮಿಡಿದು ಗೆರೆ ಹಾಕಿರಿ. ಗೆರೆಯ ಮೇಲೆ ನಿಲ್ಲಬೇಕಾದುದು ಮೂಲ ಅಕ್ಷರದ ಬುಡ. ಒತ್ತು ಗೆರೆಯ ಕೆಳಗೆ ತೂಗಬೇಕು. ಒತ್ತಿನ ಬುಡ ಹಿಡಿದು ಅಳೆದರೆ ಸಾಲು ಓರೆಯಾಗುತ್ತದೆ. ಅಕ್ಷರಗಳನ್ನು ಎತ್ತಲು ಮೇಲೊಂದು ಅಂಟುಹಾಳೆ ಹಾಕಿಸಿಕೊಂಡಿರಬೇಕು. ಇಡೀ ಸಾಲನ್ನು ನೆತ್ತಿಯಲ್ಲಿ ಟೇಪಿನಿಂದ ಕಚ್ಚಿಸಿ, ಹಿಂದಿನ ಕಾಗದ ಸ್ವಲ್ಪ ಸ್ವಲ್ಪವಾಗಿ ಸುಲಿಯುತ್ತ, ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಅಂಚಿಗೆ ಒತ್ತಿರಿ. ದೊಡ್ಡ ಚಿತ್ರಕ್ಕೆ ಸಾಬೂನು ನೀರು ಚಿಮುಕಿಸಿದರೆ ಸರಿಸಿ ಕೂರಿಸಬಹುದು. ಸಣ್ಣ ಅಕ್ಷರಕ್ಕೆ ನೀರು ಬೇಡ. ಮೇಲಿನ ಹಾಳೆಯನ್ನು ನೇರ ಎಳೆಯದೆ, ತನ್ನ ಮೇಲೆಯೇ ಮಡಿಚಿದಂತೆ ನಿಧಾನವಾಗಿ ತೆಗೆಯಬೇಕು. ಗುಳ್ಳೆ ಉಳಿದರೆ ಸೂಜಿಮೊನೆ ಸಾಕು.

ನೋಂದಣಿ ಫಲಕದ ಮೇಲೆ, ಹಿಂಬದಿಯ ಹೊಳೆಯುವ ಪಟ್ಟಿಗಳ ಮೇಲೆ ಏನನ್ನೂ ಅಂಟಿಸಬಾರದು. ಆಹಾರ ಇಲಾಖೆಯ 14 ಅಂಕಿಗಳ ಸಂಖ್ಯೆ ಕಾಣುವಂತಿರಲಿ.

ಕೊನೆಯದಾಗಿ, ಅಂಗಡಿಯಲ್ಲಿ ನಾಲ್ಕಾರು ಒತ್ತುಗಳನ್ನು ಹೆಚ್ಚಿಗೆ ಕತ್ತರಿಸಿಕೊಂಡು ಬನ್ನಿರಿ. ಬಂಡಿ ತೊಳೆಯುವಾಗ ಮೊದಲು ಬಿದ್ದುಹೋಗುವುವು ಅವೇ.