ರಸಪ್ರಶ್ನೆಯಲ್ಲಿ ರಸ ಎಲ್ಲಿದೆ ಸ್ವಾಮಿ?

ಮೊದಲಿಗೇ ಒಂದು ಪ್ರಶ್ನೆ. ಕರ್ನಾಟಕದ ಯಾವ ಜಿಲ್ಲೆಯ ಹೆಸರನ್ನು ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ? ಗೂಗಲ್ ಮುಟ್ಟಬೇಡಿ. ಸ್ವಲ್ಪ ತಲೆ ಕೆರೆದುಕೊಳ್ಳಿ. ಅಷ್ಟರಲ್ಲಿ ನಾನು ನನ್ನ ಪುರಾಣ ಶುರು ಮಾಡುತ್ತೇನೆ.

ಪುಣೆಗೆ ಬಂದು ಮೂವತ್ತು ವರ್ಷದ ಮೇಲಾಯಿತು. ನವೆಂಬರ್ ಬಂತೆಂದರೆ ಇಲ್ಲಿನ ಯಾವುದಾದರೂ ಕನ್ನಡ ಬಳಗದ ರಾಜ್ಯೋತ್ಸವಕ್ಕೆ ಹೋಗುವುದು ರೂಢಿ. ನಾಡಗೀತೆ, ಭಾಷಣ, ಭಾವಗೀತೆ, ಬಿಸಿಬೇಳೆಬಾತ್... ನಡುವೆ ಎಲ್ಲೋ ಒಂದು ಕಡೆ 'ಮಕ್ಕಳಿಗಾಗಿ ರಸಪ್ರಶ್ನೆ'. ಕನ್ನಡದ ಮೊದಲ ಜ್ಞಾನಪೀಠ ಯಾರಿಗೆ? ಯಾವ ಕೃತಿಗೆ? ಯಾವ ವರ್ಷ? ಪಾಪ, ಎದುರಿಗೆ ನಿಂತ ಮಕ್ಕಳು ಶಾಲೆಯಲ್ಲಿ ಇಂಗ್ಲಿಷು, ಗೆಳೆಯರ ಜೊತೆ ಮರಾಠಿ, ಅಜ್ಜಿ ಜೊತೆ ಮಾತ್ರ ಕನ್ನಡ ಆಡುವಂಥವು. ನೆಲ ನೋಡುತ್ತಾ ನಿಲ್ಲುತ್ತವೆ. ಸಭೆಯಿಂದ ಒಂದು ದನಿ ಬಂದೇ ಬರುತ್ತೆ: "ಅಯ್ಯೋ, ಇಷ್ಟೂ ಗೊತ್ತಿಲ್ವಾ?"

ಕನ್ನಡದಲ್ಲೂ ಮರಾಠಿಯಲ್ಲೂ 'ಶಿಕ್ಷೆ' ಎಂದರೆ ದಂಡನೆ, ಹಿಂದಿಯಲ್ಲಿ ಅದೇ 'ಶಿಕ್ಷಾ' ಎಂದರೆ ವಿದ್ಯೆ. ನಮ್ಮ ರಸಪ್ರಶ್ನೆ ಹಿಂದಿಯ ಅರ್ಥ ಬಿಟ್ಟು ಕನ್ನಡದ ಅರ್ಥವನ್ನೇ ಗಟ್ಟಿಯಾಗಿ ಹಿಡಿದುಕೊಂಡಿದೆ :-) ಆದರೆ ವಿಷಯ ನಗುವಂಥದ್ದಲ್ಲ. ಹೀಗೆ ತಲೆ ತಗ್ಗಿಸಿ ಬಂದ ಮಗುವಿನ ಮನಸ್ಸಿನಲ್ಲಿ, ಕನ್ನಡ ಎಂದರೆ ನಾನು ಪ್ರತಿ ವರ್ಷ ಫೇಲಾಗುವ ಪರೀಕ್ಷೆ ಎನ್ನುವುದೊಂದೇ ಉಳಿಯುತ್ತೆ. ಮುಂದಿನ ವರ್ಷ ಅದಕ್ಕೆ ನವೆಂಬರಿನಲ್ಲಿ ಟ್ಯೂಷನ್ ಇರುತ್ತೆ, ಹೊಟ್ಟೆನೋವು ಇರುತ್ತೆ.

ಪ್ರಶ್ನೆಗಳಲ್ಲಿ ಎರಡು ಜಾತಿ. ಒಂದು, ಗೊತ್ತಿದ್ದರೆ ಗೊತ್ತು, ಇಲ್ಲದಿದ್ದರೆ ಇಲ್ಲ. ಇನ್ನೊಂದು, ಎಲ್ಲೋ ಒಂದು ಎಳೆ ಸಿಗುತ್ತೆ, ಹಿಡಿದು ಎಳೆದರೆ ಉತ್ತರ ಈಚೆಗೆ ಬರುತ್ತೆ. ಹೊರನಾಡಿನ ಮಕ್ಕಳಿಗೆ ನಾವು ಕೇಳಬೇಕಾದ್ದು ಈ ಎರಡನೇ ಜಾತಿಯದು ಅನ್ನೋದು ನನ್ನ ವಾದ. ಪದಗಳಾಟ, ಲೆಕ್ಕ, ಕಾಮಿಕ್ಸು, ಯಾರೂ ಅಷ್ಟಾಗಿ ಬರೆಯದ ಆಟಗಳು, ಇಲ್ಲೆಲ್ಲ ಅಂಥ ಪ್ರಶ್ನೆಗಳು ರಾಶಿ ರಾಶಿ ಬಿದ್ದಿವೆ.

ಮೊದಲ ಪ್ರಶ್ನೆಗೆ ಬರೋಣ. ಉತ್ತರ ಗದಗ. ಇಂಗ್ಲಿಷಿನವರು ಇಂಥ ಪದಗಳನ್ನು ಒಂದೊಂದೇ ಅಕ್ಷರ ಎಣಿಸಿ ನೋಡುತ್ತಾರೆ. ನಮ್ಮಲ್ಲಿ ಕಾಗುಣಿತ ಸೇರಿ ಒಂದು ಅಕ್ಷರ. ಹಾಗಾಗಿ ಕಿಟಕಿ, ವಿಕಟಕವಿ, ನವಜೀವನ ಎಲ್ಲ ನಮಗೆ ಸರಿಹೊಂದುತ್ತವೆ. ಇಂಗ್ಲಿಷಿನಲ್ಲಿ ತಿರುಗಿಸಿ ಓದಬಹುದಾದ 'ಮಲಯಾಳಂ' ನಮ್ಮ ಲಿಪಿಯಲ್ಲಿ ಹೊಂದುವುದಿಲ್ಲ. ಗದಗ ಮಾತ್ರ ಎರಡರಲ್ಲೂ ಪಾಸ್! ದೇವನಾಗರಿಯೂ ನಮ್ಮ ಹಾಗೇ ಕಾಗುಣಿತದ ಲಿಪಿ. ಆದ್ದರಿಂದ ಕನ್ನಡ ಓದಲು ಬಾರದೆ ಮರಾಠಿ ಮಾತ್ರ ಓದಬಲ್ಲ ಮಗುವೂ ಈ ಆಟ ಆಡಬಹುದು. ಗದಗ ಸಿಕ್ಕ ಖುಷಿಯಲ್ಲಿ "ಅಲ್ಲಿ ಏನಿದೆ?" ಅಂತ ಅದೇ ಕೇಳುತ್ತೆ. ಆಗ ಕುಮಾರವ್ಯಾಸನ ಕಥೆ ಹೇಳಿ. ಪುಣೆಯವರದೇ ಆಗಿಹೋದ ಭೀಮಸೇನ ಜೋಶಿಯವರು ಆ ಜಿಲ್ಲೆಯವರು ಅಂತ ಹೇಳಿ. ಕೇಳಿಸಿಕೊಳ್ಳುವ ಕಿವಿ ಆಗ ತಯಾರಾಗಿರುತ್ತೆ.

ಇನ್ನು ಲೆಕ್ಕ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ ದ.ರಾ. ಕಾಪ್ರೇಕರ್ ಎಂಬ ಶಾಲಾ ಮೇಷ್ಟ್ರು ಇದ್ದರು (1905-1986). ಅವರು 1949ರಲ್ಲಿ ಕಂಡುಕೊಂಡ ಚಮತ್ಕಾರ ಇದು. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದಾದರೂ ನಾಲ್ಕಂಕಿಯ ಸಂಖ್ಯೆ ತಗೊಳ್ಳಿ. ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಅದರಿಂದ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಕಳೆಯಿರಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಹೆಚ್ಚೆಂದರೆ ಏಳು ಸಲದೊಳಗೆ 6174 ಬಂದು ನಿಲ್ಲುತ್ತದೆ, ಆಮೇಲೆ ಅಲ್ಲಾಡುವುದಿಲ್ಲ.

ರಾಜ್ಯ ಒಂದಾದ 1956 ಹಾಕಿ ನೋಡಿ. 9651ರಲ್ಲಿ 1569 ಹೋದರೆ 8082. 8820ರಲ್ಲಿ 0288 ಹೋದರೆ 8532. ಅದರಲ್ಲಿ 2358 ಹೋದರೆ 6174. ಮೂರೇ ಹೆಜ್ಜೆ! ಕರ್ನಾಟಕ ಎಂದು ಹೆಸರಾದ 1973 ಹಾಕಿದರೆ ಎರಡೇ ಹೆಜ್ಜೆ. "ಏಕೀಕರಣ ಯಾವಾಗ?" ಅಂತ ಕೇಳಿ ಗದರಿಸುವುದಕ್ಕಿಂತ, ಆ ಇಸವಿಯನ್ನು ಕೈಗೆ ಕೊಟ್ಟು "ಎಷ್ಟು ಹೆಜ್ಜೆ?" ಅಂದರೆ ಮಗು ಅದನ್ನು ಜನ್ಮದಲ್ಲಿ ಮರೆಯೋಲ್ಲ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನೂ ಇಂಥದೇ ಆಸಾಮಿ. ಹಿಂದೆ ಮುಂದೆ ಒಂದೇ ಆಗುವ ಗುಣಲಬ್ಧಗಳನ್ನು ಕಂಠಾಭರಣ ಎಂದು ಕರೆದು ತನ್ನ ಗಣಿತಸಾರಸಂಗ್ರಹದಲ್ಲಿ ಪೋಣಿಸಿಟ್ಟ. 139ನ್ನು 109ರಿಂದ ಗುಣಿಸಿ ನೋಡಿ. 15151, ಅಂಕಿಗಳಲ್ಲೊಂದು ಗದಗ!

ಕಾಮಿಕ್ಸಿನ ಕಥೆ ಇನ್ನೂ ಸ್ವಾರಸ್ಯ, ಯಾಕೆಂದರೆ ಅದು ಶುರುವಾದದ್ದೇ ಒಂದು ರಸಪ್ರಶ್ನೆಯಿಂದ. ಕಾರ್ಕಳದವರಾದ ಅನಂತ ಪೈ 1967ರಲ್ಲಿ ದೆಹಲಿಯಲ್ಲಿ ದೂರದರ್ಶನದ ಒಂದು ಕ್ವಿಜ್ ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಸಲೀಸಾಗಿ ಉತ್ತರ ಕೊಟ್ಟ ಮಕ್ಕಳು ರಾಮನ ತಾಯಿ ಯಾರು ಅಂದರೆ ಸುಮ್ಮನಾದವು. ನಮ್ಮ ಭಾಷಣಕಾರರು ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ "ನೋಡಿ, ಈಗಿನ ಮಕ್ಕಳು!" ಅನ್ನುತ್ತಾರೆ. ಆದರೆ ಪೈ ಏನು ಮಾಡಿದರು? ಮಕ್ಕಳನ್ನು ಬೈಯಲಿಲ್ಲ. ತಾಯಂದಿರ ಪಟ್ಟಿ ಮಾಡಿ ಬಾಯಿಪಾಠ ಮಾಡಿಸಲಿಲ್ಲ. ಮುಂಬೈಯಲ್ಲಿ ಕೂತು ಅಮರ ಚಿತ್ರಕಥೆ ತಂದರು. ಉತ್ತರ ಗೊತ್ತಿಲ್ಲದ್ದು ಮಕ್ಕಳ ತಪ್ಪಲ್ಲ, ಅವರ ಕೈಗೆ ಬೇಕಾದ್ದು ಸಿಕ್ಕಿಲ್ಲ ಎಂದು ತಿಳಿದ ಮನುಷ್ಯ ಅವರು.

ಇದರಲ್ಲೂ ಒಂದು ಒಳ್ಳೆ ಪ್ರಶ್ನೆ ಇದೆ. ಆ ಮಾಲೆಯ 'ಕೃಷ್ಣ' ಮೊದಲು ಬಂದಾಗ ಅದರ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ ಹೋದವು? ಅವು ಸಿಂಡರೆಲಾ ಥರದ ಪರದೇಶದ ಕಥೆಗಳು. ಅವು 1965ರಲ್ಲಿ ಮೊದಲು ಬಂದದ್ದು ಕನ್ನಡದಲ್ಲೇ ಎಂದು ಬೆಂಗಳೂರಿನ ಪುಸ್ತಕೋದ್ಯಮಿ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ನಮ್ಮ ಮಕ್ಕಳಲ್ಲಿ ಎಷ್ಟು ಜನಕ್ಕೆ, ಅವರ ಅಪ್ಪಂದಿರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಆಟದ ವಿಷಯಕ್ಕೆ ಬಂದರೆ ಕ್ರಿಕೆಟ್ಟಿನ ರನ್ನು, ವಿಕೆಟ್ಟು ಬಿಟ್ಟರೆ ನಮಗೆ ಬೇರೆ ಪ್ರಶ್ನೆಯೇ ಹೊಳೆಯುವುದಿಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು, ಗಂಡಸರದೂ ಹೆಂಗಸರದೂ ಎರಡೂ ಭಾರತಕ್ಕೇ ಬಂತು. ಕಪ್ ಯಾರಿಗೆ ಅನ್ನೋದು ಮೊದಲ ಜಾತಿಯ ಪ್ರಶ್ನೆ. ನಾನು ಕೇಳುವುದು ಹೀಗೆ: ಎಂಟು ಜನ ಕೂತವರು ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂರುವುದೇಕೆ? ಅಂಗಳದಲ್ಲಿ ಆಡಿದ ಮಗು ಥಟ್ಟನೆ ಹೇಳುತ್ತೆ. ಬೆನ್ನಟ್ಟುವವನು ನಡುವಿನ ಗೆರೆ ದಾಟುವಂತಿಲ್ಲ. ಓಡುವವನು ಆಚೆ ನುಸುಳಿದರೆ ಆಚೆ ಮುಖ ಮಾಡಿ ಕೂತವನ ಬೆನ್ನು ತಟ್ಟಿ 'ಖೋ' ಅನ್ನಬೇಕಲ್ಲ! ಇದಕ್ಕೆ ಪುಸ್ತಕ ಬೇಡ, ಮಂಡಿ ತರಚಿಕೊಂಡಿದ್ದರೆ ಸಾಕು.

"ಹಾಗಾದರೆ ಕುವೆಂಪು, ಬೇಂದ್ರೆ ಬೇಡವೇನ್ರೀ?" ಅಂತ ಹಿರಿಯರೊಬ್ಬರು ಕೇಳಿದರು. ಬೇಕು ಸಾರ್, ಖಂಡಿತ ಬೇಕು. ಆದರೆ 'ನಾಕುತಂತಿ ಬರೆದವರು ಯಾರು' ಎಂದು ಕೇಳಿದರೆ ಸಿಗುವುದು ಹೆಸರು ಮಾತ್ರ. ಬದಲಿಗೆ ಹೀಗೆ ಕೇಳಿ: ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು ಇಬ್ಬರು, ಒಬ್ಬರು ಶಾಲಾ ಮೇಷ್ಟ್ರು, ಇನ್ನೊಬ್ಬರು ಕವಿ. ಇಬ್ಬರಿಗೂ ಅಂಕಿಗಳ ಹುಚ್ಚು. ಯಾರು? ಮೇಷ್ಟ್ರು ನಮ್ಮ 6174ರ ಕಾಪ್ರೇಕರ್, ಕವಿ 441ರ ಬೆನ್ನು ಹತ್ತಿದ್ದ ಬೇಂದ್ರೆ. ದಿನವೂ ಎಫ್.ಸಿ. ರೋಡಿನಲ್ಲಿ ಓಡಾಡುವ ಹುಡುಗನಿಗೆ ಬೇಂದ್ರೆ ಆಗ ಫೋಟೋದಿಂದ ಇಳಿದು ರಸ್ತೆಗೆ ಬರುತ್ತಾರೆ.

ಸಂಘಗಳ ಪದಾಧಿಕಾರಿಗಳಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹತ್ತು ಪ್ರಶ್ನೆಗಳಲ್ಲಿ ಆರಾದರೂ ಯೋಚಿಸಿದರೆ ಸಿಗುವಂಥವು ಇರಲಿ. ಒಂಟಿ ಮಗುವಿನ ಮುಂದೆ ಮೈಕ್ ಹಿಡಿಯಬೇಡಿ, ಅಜ್ಜಿ ಮೊಮ್ಮಕ್ಕಳ ತಂಡ ಮಾಡಿ. ಉತ್ತರ ಅರ್ಧ ಮರಾಠಿಯಲ್ಲಿ ಬಂದರೂ ಒಪ್ಪಿಕೊಳ್ಳಿ, ಪ್ರಶ್ನೆಯಂತೂ ಕನ್ನಡದಲ್ಲೇ ಇರುತ್ತೆ ತಾನೆ? ಚಂದನದ 'ಥಟ್ ಅಂತ ಹೇಳಿ' 2002ರಿಂದ ತೋರಿಸಿಕೊಟ್ಟ ದಾರಿ ಇದೆ, ಬಹುಮಾನಕ್ಕೆ ಕನ್ನಡ ಪುಸ್ತಕ ಕೊಡಿ. ಸ್ಟೀಲ್ ಡಬ್ಬಿ ಎಲ್ಲರ ಮನೆಯಲ್ಲೂ ಬೇಕಾದಷ್ಟಿದೆ.

ಅಂದ ಹಾಗೆ, 1999ರಲ್ಲಿ ಹುಟ್ಟಿದವರು 6174 ತಲುಪಲು ಆರು ಹೆಜ್ಜೆ ನಡೆಯಬೇಕು. ನಿಮ್ಮ ಇಸವಿಗೆ ಎಷ್ಟು? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹಾಕಿ, ಕನ್ನಡದಲ್ಲೇ ಎಣಿಸುತ್ತಾ.