ಮುಪ್ಪಿಗೆ ವಿಶ್ರಾಂತಿಯೇ ಮದ್ದೆ?

“ದುಡಿದದ್ದು ಸಾಕು, ಇನ್ನು ಸುಮ್ಮನೆ ಕೂತಿರಜ್ಜ” ಎಂದು ಅಜ್ಜನ ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ನಾನೇ ಇಳಿಸಿಕೊಂಡಿದ್ದೆ. ಮನೆಮನೆಯಲ್ಲೂ ಹಿರಿಯರಿಗೆ ನಾವು ತೋರುವ ಪ್ರೀತಿ ಇದೇ. ಆದರೆ ಇದು ಉಪಕಾರವೋ ಅಪಕಾರವೋ ಎಂಬ ಸಂದೇಹ ಈಗ ನನ್ನನ್ನು ಕಾಡುತ್ತಿದೆ.

ಸ್ನಾಯುಗಳಿಗೆ ಆಮ್ಲಜನಕವನ್ನು ಮುಟ್ಟಿಸುವುವು ಕೂದಲಿಗಿಂತಲೂ ಸಣ್ಣವಾದ ಲೋಮನಾಳಗಳು. ಮುಪ್ಪಿನಲ್ಲಿ ಕೈಕಟ್ಟಿ ಕುಳಿತವರಲ್ಲಿ ಇವು ಕಡಮೆಯಾಗುವುದುಂಟು. ಸ್ನಾಯು ಭಾರಕ್ಕೆದುರಾಗಿ ದುಡಿದಾಗ ಆಮ್ಲಜನಕ ಸಾಲದೆ ಬರುತ್ತದೆ. ಆಗ ಹೊಸ ನಾಳಗಳು ಚಿಗುರುವಂತೆ ಪ್ರೇರಿಸುವ ಪ್ರೋಟೀನೊಂದನ್ನು ಸ್ನಾಯುವೇ ಹೊರಡಿಸುತ್ತದೆ. ಈ ಶಕ್ತಿ ಯೌವನಕ್ಕೆ ಮಾತ್ರ ಮೀಸಲಲ್ಲ. 1997ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ 65ರಿಂದ 74 ವರ್ಷದ ಆರೋಗ್ಯವಂತ ಗಂಡಸರಲ್ಲಿ ಕೆಲವರು ವಾರಕ್ಕೆ 3 ಸಲದಂತೆ 9 ವಾರ ಕಾಲಿನಿಂದ ಭಾರವೆತ್ತುವ ವ್ಯಾಯಾಮ ಮಾಡಿದರು. ಅವರ ತೊಡೆಯ ಸ್ನಾಯುತಂತುಗಳ ಸುತ್ತ ಲೋಮನಾಳಗಳು ಹೆಚ್ಚಿದ್ದು ಕಂಡುಬಂದಿತು.

ಹಾಗೆಂದು ಅಜ್ಜಂದಿರನ್ನೆಲ್ಲ ಗರಡಿಮನೆಗೆ ಅಟ್ಟಬೇಕೆಂಬುದು ನನ್ನ ವಾದವಲ್ಲ. ಎದೆನೋವು, ರಕ್ತದ ಒತ್ತಡ ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ಬಡತನದಿಂದ ಮುದುಕರು ಮೈಮುರಿದು ದುಡಿಯುವುದು ವ್ಯಾಯಾಮವೂ ಅಲ್ಲ. ಆದರೆ ವಾರಕ್ಕೆ 2 ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ ವೃದ್ಧರಿಗೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಹಿರಿಯರನ್ನು ಮೂಲೆಯಲ್ಲಿ ಕೂರಿಸುವುದೇ ಗೌರವವೆಂಬ ಭಾವನೆಯನ್ನು ನಾವು ಬಿಡಬೇಕು. ಈ ರಜೆಯಲ್ಲಿ ಊರಿಗೆ ಹೋದಾಗ, ವೈದ್ಯರು ಒಪ್ಪಿದರೆ, ಅಜ್ಜನಿಗೆ ಅರ್ಧ ಹೊರೆಯನ್ನಾದರೂ ಹಿಂದಿರುಗಿಸುವೆನು.